ಸ್ಟುಡಿಯೊ ಅವರದು, ದನಿ ನಮ್ಮದು

ಬ್ಯಾಡಗಿಯ ಮೆಣಸಿನಕಾಯಿ ಪ್ಯಾಟಿಯಲ್ಲಿ ಗಾಡಿಯ ನಂಬರ್ ಪ್ಲೇಟು ನೋಡಿ ಯಾವ ಭಾಷೆಯಲ್ಲಿ ಮಾತಾಡಿಸಬೇಕೆಂದು ಗೊತ್ತುಮಾಡುತ್ತಾರೆ. ನನ್ನ ಮಾಲು ಬಂದದ್ದು ಎಪಿ ನಂಬರಿನ ಗಾಡಿಯಲ್ಲಿ. ಹೊಲ ಆಲೂರು ಮಂಡಲದ್ದು, ಪಾಸ್‌ಬುಕ್ಕು ಆಂಧ್ರದ್ದು, ಮನೆಮಾತು ಅಜ್ಜನ ಅಜ್ಜನ ಕಾಲದಿಂದ ಕನ್ನಡ. 'ನಮಸ್ಕಾರ್ರೀ' ಎಂದು ದಲಾಲಿ ಅಂಗಡಿಯ ಮೆಟ್ಟಿಲು ಹತ್ತಿದರೂ ಗುಮಾಸ್ತ ಹುಡುಗ 'ಕೂರ್ಚೋಂಡಿ ಅನ್ನಾ, ಎನ್ನಿ ಬಸ್ತಾಲು?' ಎಂದ. ಕೂಡ್ರಿ ಅಣ್ಣಾ, ಎಷ್ಟು ಚೀಲ, ಎಂದು. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಅವನು ತೆಲುಗಿನಲ್ಲೇ ಚಹಾ ಹೇಳಿದ. ಅವನ ಮಟ್ಟಿಗೆ ಅದು ಮರ್ಯಾದೆ, ನನಗೆ ಮಾತ್ರ ಹೊಟ್ಟೆಯುರಿ. ಊರಿನ ಮಂಡಲ ಕಚೇರಿಯಲ್ಲಿ ಹೇಗೂ ತೆಲುಗು ಮಾತಾಡಿಯೇ ಬಂದಿರುತ್ತೇವೆ. ಹಾವೇರಿ ಜಿಲ್ಲೆಯ ನಡುಮಧ್ಯೆ ನಿಂತಾಗಲಾದರೂ ಕನ್ನಡದಲ್ಲಿ 'ಬರ್ರಿ, ಕೂಡ್ರಿ' ಅನ್ನಿಸಿಕೊಳ್ಳುವ ಆಸೆ ನಮ್ಮಂಥವರಿಗೆ ಎಷ್ಟಿರುತ್ತದೆಂದು ಈ ಕಡೆಯವರಿಗೆ ಹೇಗೆ ಹೇಳುವುದು?

ಗೋಡೆಯ ಮೇಲಿನ ಟಿವಿಯಲ್ಲೂ ತೆಲುಗು ಚಾನೆಲ್ಲು. ಕನ್ನಡ ಹಚ್ಚಪ್ಪ ಅಂದೆ. ಈಗ ಅವನಿಗೆ ಕನ್ನಡ ಬಂತು. 'ಸೋಮವಾರ, ಗುರುವಾರ ತೆಲುಗೇ ಹಚ್ಚಿರತೀವ್ರಿ ಅಣ್ಣಾರ. ಟೆಂಡರ್ ಬರೋತನಕ ಮಾಲ್ ತಂದವರು ಬ್ಯಾಸರ ಮಾಡ್ಕೋಬಾರದಲ್ರಿ?' ಪಕ್ಕದಲ್ಲಿ ಕುಳಿತಿದ್ದ ನಂದ್ಯಾಲದ ಕಡೆಯ ಹಿರಿಯ ರೈತರೊಬ್ಬರು ರಿಮೋಟು ಇಸಕೊಂಡು ತಾವೇ ಕನ್ನಡ ಚಾನೆಲ್ಲು ಹುಡುಕಿ ಹಚ್ಚಿದರು. ತೆರೆಯ ಮೇಲೆ ಆರು ಕಿಂಡಿಗಳಲ್ಲಿ ಆರು ಜನ, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಸ್ವಲ್ಪ ಹೊತ್ತು ನೋಡಿ ಅವರು, 'ಎಕ್ಕಡೈನಾ ಒಕ್ಕಟೇ ಅರುಪುಲು. ಶಾಂತಿಸ್ವರೂಪ್ ಗಾರು ಚದಿವಿನವೇ ವಾರ್ತಲು' ಎಂದರು. ಎಲ್ಲಿ ನೋಡಿದರೂ ಅದೇ ಅರಚಾಟ, ಶಾಂತಿಸ್ವರೂಪ್ ಅವರು ಓದಿದ್ದೇ ವಾರ್ತೆ.

ಆ ಹೆಸರು ಕೇಳಿದ್ದೇ ನನ್ನ ಸಿಟ್ಟು ಅರ್ಧ ಇಳಿಯಿತು. ಶಾಂತಿಸ್ವರೂಪ್ ನಮ್ಮ ಮನೆಯವರೂ ಹೌದು. 1983ರ ನವೆಂಬರ್ 14ರಂದು ಹೈದರಾಬಾದ್ ದೂರದರ್ಶನದಲ್ಲಿ ಮೊದಲ ತೆಲುಗು ವಾರ್ತೆ ಓದಿದವರು ಅವರು. ಟೆಲಿಪ್ರಾಂಪ್ಟರ್ ಇಲ್ಲದ ಕಾಲ. ಹಾಳೆಯಲ್ಲಿದ್ದುದನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ಯಾಮೆರಾ ನೋಡುತ್ತ ಹೇಳುತ್ತಿದ್ದರು. ಮಡದಿ ರೋಜಾರಾಣಿಯವರೂ ವಾರ್ತೆ ಓದಿದವರೇ. ನಮ್ಮೂರಿನ ಆಂಟೆನಾಕ್ಕೆ ಸಿಗುತ್ತಿದ್ದುದು ಹೈದರಾಬಾದ್ ಒಂದೇ ಆದ್ದರಿಂದ ಸಂಜೆಯಾದರೆ ಶಾಂತಿಸ್ವರೂಪ್ ನಮ್ಮ ಪಡಸಾಲೆಗೆ ಬರುತ್ತಿದ್ದರು. ಅಜ್ಜಿಗೆ ತೆಲುಗು ಬರುತ್ತಿರಲಿಲ್ಲ. ಅಪ್ಪ ಟಿವಿಯ ಪಕ್ಕದಲ್ಲೇ ಕುಳಿತು, ಶಾಂತಿಸ್ವರೂಪ್ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅದನ್ನು ಕನ್ನಡದಲ್ಲಿ ಹೇಳಿ ಮುಂದಿನದಕ್ಕೆ ಕಿವಿ ಕೊಡುತ್ತಿದ್ದ. ಅಜ್ಜಿ ನಡುವೆ 'ಮಳೆ ಎಲ್ಲಿ ಆಗೈತಂತೆ?' ಎಂದು ಕೇಳಿಬಿಟ್ಟರೆ ಅಪ್ಪನ ಲಯ ತಪ್ಪಿ ಎರಡು ಸುದ್ದಿ ಕಳೆದುಹೋಗುತ್ತಿದ್ದವು. ನಾನು ಕಂಡ ಮೊದಲ ಕನ್ನಡ ವಾರ್ತಾವಾಚಕ ನನ್ನಪ್ಪ.

ರೇಡಿಯೋಗೆ ಈ ತಾಪತ್ರಯ ಇರಲಿಲ್ಲ. ದೆಹಲಿಯಿಂದ ಉಪೇಂದ್ರ ರಾವ್, ಬೆಂಗಳೂರಿನಿಂದ ನಾಗಮಣಿ ಎಸ್. ರಾವ್, ಧಾರವಾಡ ಆಕಾಶವಾಣಿ ಎಲ್ಲವೂ ನಮ್ಮ ಹೊಲದ ಬದುವಿನವರೆಗೆ ಬರುತ್ತಿದ್ದವು. ಟಿವಿ ಬಂದ ಮೇಲೆಯೇ ಗಡಿ ಮನೆಯೊಳಗೆ ಬಂದದ್ದು.

ಹಾಗಾಗಿ ಬೇಸಿಗೆ ರಜೆಯಲ್ಲಿ ರಾಣೆಬೆನ್ನೂರಿನ ಅತ್ತೆಯ ಮನೆಗೆ ಹೋಗುವುದೆಂದರೆ ನಮಗೆ ಕನ್ನಡ ಟಿವಿ ನೋಡಲು ಹೋಗುವುದು. ಒಮ್ಮೆ ಅಜ್ಜಿಯೂ ಜೊತೆಗೆ ಬಂದಿದ್ದರು. ಬೆಂಗಳೂರು ದೂರದರ್ಶನದ ವಾರ್ತೆ ಶುರುವಾಯಿತು. ಓದುತ್ತಿದ್ದಾಕೆ ಹತ್ತಿ ಸೀರೆ ಉಟ್ಟು, ಎಣ್ಣೆ ಹಚ್ಚಿ ಬಾಚಿದ ತಲೆಗೆ ಒಂದು ಹೂ ಮುಡಿದಿದ್ದರು. ಅಪ್ಪ ಅಭ್ಯಾಸಬಲದಿಂದ ಬಾಯಿ ತೆರೆದ. ಅಜ್ಜಿ ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿ, ಹವಾಮಾನದ ತನಕ ಒಬ್ಬರಿಗೂ ಮಾತಾಡಲು ಬಿಡಲಿಲ್ಲ. ವಾರ್ತೆ ಮುಗಿದು ಆಕೆ ಕೈ ಮುಗಿದಾಗ ಅಜ್ಜಿಯೂ ಕೈ ಮುಗಿದರು. ಅತ್ತೆಯಂತೂ ವಾರ್ತೆ ಓದುವ ಹೆಣ್ಣುಮಕ್ಕಳನ್ನೆಲ್ಲ 'ನಮ್ಮ ಹುಡುಗಿ' ಅಂತಲೇ ಕರೆಯುತ್ತಿದ್ದರು. 'ನಮ್ಮ ಹುಡುಗಿಗೆ ಇವತ್ತ ನೆಗಡಿ ಆಗ್ಯದ ನೋಡು, ದನಿ ಕೇಳಿದ್ರ ತಿಳೀತದ' ಎಂದು ಕರಗುತ್ತಿದ್ದರು.

ಇಷ್ಟನ್ನು ನಂದ್ಯಾಲದ ಹಿರಿಯರಿಗೆ ಹೇಳಿದೆ. ಅವರು ತಲೆದೂಗಿ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ ಒಂದು ಮಾತು ಬಿಟ್ಟರು. 'ತರ್ವಾತ ಮೀ ಕನ್ನಡ ವಾರ್ತಲು ಕೂಡಾ ಮಾ ಹೈದರಾಬಾದ್ ನುಂಚೇ ವಚ್ಚೇವಿ ಕದಾ?' ಆಮೇಲೆ ನಿಮ್ಮ ಕನ್ನಡ ವಾರ್ತೆಯೂ ನಮ್ಮ ಹೈದರಾಬಾದಿನಿಂದಲೇ ಬರುತ್ತಿತ್ತಲ್ಲವೇ, ಎಂದು. ಅಂಗಡಿಯಲ್ಲಿದ್ದ ಅವರ ಕಡೆಯವರೆಲ್ಲ ನಕ್ಕರು. ಹಮಾಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಂದಿನಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಅವರು ಹೇಳಿದ್ದು ಸುಳ್ಳಲ್ಲ. ಈಟಿವಿ ಕನ್ನಡ 2000ದ ಡಿಸೆಂಬರ್ 10ರಂದು ಶುರುವಾದಾಗ ಅದರ ವಾರ್ತೆ ಓದುತ್ತಿದ್ದುದು ಹೈದರಾಬಾದಿನ ಹೊರಗಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ. 2006ರ ಕೊನೆಗೆ ಬಂದು ಕನ್ನಡದ ಸುದ್ದಿಯ ವೇಗವನ್ನೇ ಬದಲಿಸಿದ, ರಂಗನಾಥ ಭಾರದ್ವಾಜರಂಥ ನಿರೂಪಕರನ್ನು ಮನೆಮಾತಾಗಿಸಿದ ಟಿವಿ9 ಕೂಡ ಹೈದರಾಬಾದಿನ ಸಂಸ್ಥೆಯದೇ. ಇನ್ನೂ ಹಿಂದೆ ಹೋದರೆ, 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸಿದ ಸೈಟ್ ಪ್ರಯೋಗದಲ್ಲಿ ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳು ನೋಡಿದ ಕನ್ನಡ ಕಾರ್ಯಕ್ರಮಗಳೂ ತಯಾರಾದದ್ದು ಹೈದರಾಬಾದಿನಲ್ಲಿಯೇ. ದೂರದರ್ಶನದ ಕಲಬುರ್ಗಿ ಕೇಂದ್ರ ಬಂದದ್ದು 1977ರಲ್ಲಿ, ಬೆಂಗಳೂರಿನದು 1981ರ ನವೆಂಬರ್ 1ರಂದು. ಕನ್ನಡದ ಟಿವಿ ಹುಟ್ಟಿದ್ದೇ ತೆಲುಗರ ಮನೆಯ ಪಡಸಾಲೆಯಲ್ಲಿ ಎಂದು ಯಾರಾದರೂ ಹೇಳಿದರೆ ಜಗಳಕ್ಕೆ ನಿಲ್ಲುವುದು ಕಷ್ಟ.

ಆದರೆ ಆ ಪಡಸಾಲೆಯಲ್ಲಿ ಕುಳಿತು ಓದಿದವರು ಯಾರು? ನಮ್ಮ ಹುಡುಗರು, ನಮ್ಮ ಹುಡುಗಿಯರು. ಹಾವೇರಿ, ಗದಗ, ಹುಬ್ಬಳ್ಳಿ, ಶಿವಮೊಗ್ಗದ ಕಡೆಯಿಂದ ಪತ್ರಿಕೋದ್ಯಮ ಓದಿದ ಮಕ್ಕಳು ಟ್ರಂಕು ಹೊತ್ತು ಹೈದರಾಬಾದಿಗೆ ಹೋದರು. ಬಾಡಿಗೆ ಕೋಣೆಯಲ್ಲಿ ತೆಲುಗು ಮನೆಯೊಡತಿ, ಮೆಸ್ಸಿನಲ್ಲಿ ಗೊಂಗುರ, ಬಸ್ಸಿನಲ್ಲಿ ಉರ್ದು. ರಾತ್ರಿ ಸ್ಟುಡಿಯೊದ ದೀಪ ಹೊತ್ತಿದೊಡನೆ ಅಚ್ಚ ಕನ್ನಡ. ಸುತ್ತ ಎಲ್ಲರೂ ಬೇರೆ ಭಾಷೆ ಆಡುವಾಗ ತಮ್ಮ ಭಾಷೆಯನ್ನು ಚೊಕ್ಕವಾಗಿ ಇಟ್ಟುಕೊಳ್ಳಲು ಎಷ್ಟು ಜೀವ ತೇಯಬೇಕೆಂದು ಆಲೂರಿನವನಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅವರು ನಮ್ಮ ಹಾಗೆಯೇ ಗಡಿಯಾಚೆ ನಿಂತು ಕನ್ನಡ ಆಡಿದವರು. ಆ ಹಿರಿಯರಿಗೆ ನಾನು ಕೊಡಬೇಕಿದ್ದ ಉತ್ತರ ಇದು: ಸ್ಟುಡಿಯೊ ನಿಮ್ಮದು, ಕರೆಂಟ್ ಬಿಲ್ಲು ನಿಮ್ಮದು, ದನಿ ನಮ್ಮದು.

ಈಟಿವಿ ಕಟ್ಟಿದ ರಾಮೋಜಿ ರಾವ್ ಅವರ ಋಣವನ್ನು ಮರೆಯಬೇಕೆಂದು ನಾನು ಹೇಳುತ್ತಿಲ್ಲ. ಈಟಿವಿಯ ವಾರ್ತೆಯಲ್ಲಿ ಜಿಲ್ಲೆಗಳಿಗೆ ಜಾಗವಿತ್ತು. ಹಾವೇರಿ ಬಸ್ ನಿಲ್ದಾಣದಲ್ಲಿ ಸ್ಥಳೀಯ ವರದಿಗಾರ ಹುಬ್ಬಳ್ಳಿ ಬಸ್ಸಿನ ಡ್ರೈವರ್ ಕೈಗೆ ಕ್ಯಾಸೆಟ್ಟಿನ ಲಕೋಟೆ ಕೊಟ್ಟು, ಬಸ್ಸಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಎಸ್‌ಟಿಡಿ ಬೂತಿಗೆ ಓಡುವುದನ್ನು ಕಂಡಿದ್ದೇನೆ. ಹಿರೇಕೆರೂರಿನ ಕೆರೆ, ಶಿಗ್ಗಾವಿಯ ರಸ್ತೆ, ಬ್ಯಾಡಗಿಯ ಧಾರಣೆ ಆ ಲಕೋಟೆಯಲ್ಲಿ ಹೋಗಿ ಮತ್ತೆ ತೆರೆಯ ಮೇಲೆ ಬರುತ್ತಿದ್ದವು. ನಮ್ಮೂರಿನ ಹೆಸರನ್ನು ಸರಿಯಾಗಿ, ಅವಸರವಿಲ್ಲದೆ ಒಬ್ಬರು ಓದುತ್ತಾರೆಂಬುದು ದೊಡ್ಡ ಮರ್ಯಾದೆ.

ಈಗಲೂ ನಮ್ಮ ಊರುಗಳು ಸುದ್ದಿಯಾಗುತ್ತವೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ರಾಣೆಬೆನ್ನೂರು ತಾಲ್ಲೂಕು ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಅತ್ತೆಯ ಮನೆಯವರು ಟಿವಿ ಹಚ್ಚಿದರೆ ಮಗನನ್ನು ಕಳೆದುಕೊಂಡ ಮನೆಯ ಬಾಗಿಲಲ್ಲೇ ಮೈಕುಗಳ ನೂಕಾಟ. 2024ರ ಮಾರ್ಚ್ 11ರ ಸೋಮವಾರ ಬೆಲೆ ಬಿತ್ತೆಂದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಹೊತ್ತಿ ಉರಿದವು. ಆ ದಿನ ಎರಡೂ ಭಾಷೆಯ ಚಾನೆಲ್ಲುಗಳನ್ನು ಬದಲಿಸಿ ಬದಲಿಸಿ ನೋಡಿದೆ. ಬೆಂಕಿಯ ಚಿತ್ರ ತಿರುತಿರುಗಿ ಬಂತು. ಕ್ವಿಂಟಲಿಗೆ ಎಷ್ಟು ಇಳಿಯಿತು, ಯಾವ ತಳಿಗೆ ಇಳಿಯಿತು, ಶೀತಲಗೃಹಗಳಲ್ಲಿ ಹಳೆಯ ಮಾಲು ಎಷ್ಟಿದೆ ಎಂದು ತಿಳಿಯಲು ನಾನು ದಲಾಲರಿಗೆ ಫೋನು ಮಾಡಬೇಕಾಯಿತು. ಆ ಹಳೆಯ ವಾರ್ತಾವಾಚಕರಲ್ಲಿ ಯಾರಾದರೂ ಓದಿದ್ದರೆ ಧಾರಣೆ ಮೊದಲು ಬರುತ್ತಿತ್ತು, ಬೆಂಕಿ ಆಮೇಲೆ.

ಧಾರಣೆಯ ಮಾತು ಬಂದಾಗ ರಾಣೆಬೆನ್ನೂರಿನ ಕೇಬಲ್ ವಾರ್ತೆಯ ಹುಡುಗಿಯನ್ನು ನೆನೆಯದೆ ಮುಂದೆ ಹೋಗಲಾರೆ. ಅತ್ತೆಯ ಓಣಿಯಾಚೆ ಕೇಬಲ್ ನಡೆಸುವವರ ಮಾಳಿಗೆಯಲ್ಲಿ ನೀಲಿ ಪರದೆ ಇಳಿಬಿಟ್ಟ ಒಂದು ಕೋಣೆಯಿತ್ತು. ಸಂಜೆ ಕಾಲೇಜು ಮುಗಿಸಿ ಬಂದು ಆಕೆ ಅಲ್ಲಿ ಕುಳಿತು ಓದುತ್ತಿದ್ದಳು. ಯಾವ ಓಣಿಗೆ ನಾಳೆ ನೀರು, ಎಷ್ಟು ಗಂಟೆಗೆ ಕರೆಂಟು ತೆಗೆಯುತ್ತಾರೆ, ಯಾರ ಮನೆಯ ಎಮ್ಮೆ ಕಳೆದಿದೆ, ಯಾರು ತೀರಿಕೊಂಡರು. ಫ್ಯಾನು ಹಚ್ಚಿದರೆ ಮೈಕಿಗೆ ಸದ್ದು ಹೋಗುತ್ತದೆಂದು ಆರಿಸಿಬಿಡುತ್ತಿದ್ದರು. ಹಣೆಯ ಬೆವರು ಕುಂಕುಮದವರೆಗೆ ಇಳಿದರೂ ಆಕೆಯ ಮಹಾಪ್ರಾಣ ಒಂದೂ ಸಡಿಲಾಗುತ್ತಿರಲಿಲ್ಲ. ಮರುದಿನ ಕಾಯಿಪಲ್ಲೆ ಸಂತೆಯಲ್ಲಿ ಹೆಂಗಸರು ಆಕೆಯನ್ನು ತಡೆದು, 'ಏನವಾ, ನಮ್ಮ ಓಣಿಗೆ ನೀರು ಅಂದಿ, ಬರಲೇ ಇಲ್ಲಲ್ಲ?' ಎಂದು ಕೇಳುತ್ತಿದ್ದರು. ಆಕೆ ಆ ದೂರನ್ನೂ ಅಂದಿನ ಸಂಜೆಯೇ ಓದುತ್ತಿದ್ದಳು.

ಕೊನೆಗೆ ಬರುತ್ತಿದ್ದುದು ಬ್ಯಾಡಗಿಯ ಧಾರಣೆ. ಡಬ್ಬಿ, ಕಡ್ಡಿ, ಗುಂಟೂರು, ಒಂದೊಂದು ತಳಿಗೂ ಕನಿಷ್ಠ, ಗರಿಷ್ಠ. ಪ್ಯಾಟಿ ದಿನದ ಹಿಂದಿನ ರಾತ್ರಿಯೇ ಬಂದು ರಾಣೆಬೆನ್ನೂರಿನ ಖಾನಾವಳಿಯಲ್ಲಿ ಉಣ್ಣಲು ಕೂರುತ್ತಿದ್ದ ಕರ್ನೂಲು, ಗುಂಟೂರಿನ ಕಡೆಯ ರೈತರು ಆ ಹೊತ್ತಿಗೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಟಿವಿಯತ್ತ ತಿರುಗುತ್ತಿದ್ದರು. ಮೊದಮೊದಲು ಪಕ್ಕದವರನ್ನು ಕೇಳುತ್ತಿದ್ದರು, ಆಮೇಲಾಮೇಲೆ ತಾವೇ 'ಹನ್ನೆರಡು ಸಾವಿರದ ಐನೂರು' ಎಂದು ಆಕೆಯ ಹಿಂದೆಯೇ ಹೇಳಿಕೊಳ್ಳುತ್ತಿದ್ದರು. ಅವರಿಗೆ ಕನ್ನಡದ ಅಂಕಿ ಕಲಿಸಿದ್ದು ಆ ಹುಡುಗಿ. ಇಂದು ಧಾರಣೆ ಅವರವರ ಮೊಬೈಲಿಗೆ ತೆಲುಗಿನಲ್ಲೇ ಬರುತ್ತದೆ. ಕಲಿಯುವ ದರ್ದು ಅವರಿಗಿಲ್ಲ, ಕಲಿಸುವ ದರ್ದು ನಮ್ಮ ಪ್ಯಾಟಿಗೂ ಇಲ್ಲ. ಗುಮಾಸ್ತ ಹುಡುಗನ ಮೇಲೆ ನನ್ನ ಸಿಟ್ಟಿನ ಬೇರು ಇರುವುದು ಇಲ್ಲಿ.

ಇನ್ನೊಂದು ನೋವಿದೆ. ಶಾಂತಿಸ್ವರೂಪ್ 2024ರ ಏಪ್ರಿಲ್ 5ರಂದು ತೀರಿಕೊಂಡಾಗ ನಮ್ಮೂರಿನ ಚಹಾದಂಗಡಿಯಲ್ಲಿ ಅವರ ಮೊದಲ ವಾರ್ತೆಯ ತಾರೀಖನ್ನು ಜನ ಬಾಯಿಪಾಠ ಹೇಳುತ್ತಿದ್ದರು. ಅದೇ ವರ್ಷ ಜುಲೈ 11ರಂದು ನಮ್ಮ ಅಪರ್ಣಾ ಹೋದರು. 'ಮಸಣದ ಹೂವು' ಚಿತ್ರದಿಂದ ಬಂದು, ಚಂದನದಲ್ಲಿ ನಿರೂಪಣೆಗೆ ಒಂದು ಘನತೆ ತಂದುಕೊಟ್ಟು, ಬೆಂಗಳೂರಿನ ಮೆಟ್ರೊದಲ್ಲಿ ದನಿಯಾಗಿ ಉಳಿದವರು. ಕನ್ನಡಿಗರು ಮನಸಾರೆ ಅತ್ತರು, ನಾವೂ ಆಲೂರಿನಲ್ಲಿ ಅತ್ತೆವು. ಆದರೆ ಬೆಂಗಳೂರು, ಕಲಬುರ್ಗಿ ಕೇಂದ್ರಗಳಲ್ಲಿ ದಿನದಿನವೂ ವಾರ್ತೆ ಓದಿದವರು, ಹೈದರಾಬಾದಿನಲ್ಲಿ ಕುಳಿತು ಕನ್ನಡ ಕಾಯ್ದವರು? ಅವರ ನೆನಪನ್ನು ನಾವು ತೀರ ಅಗ್ಗವಾಗಿ ಬಿಟ್ಟುಕೊಟ್ಟಿದ್ದೇವೆ. ಹಾವೇರಿಯಲ್ಲಿ 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆದ ಮಣ್ಣಿನಲ್ಲೇ, ಕನ್ನಡದ ಕಾವಲಿಗೆ ನಿಂತ ಪಾಟೀಲ ಪುಟ್ಟಪ್ಪನವರ ಕುರುಬಗೊಂಡದ ಪಕ್ಕದಲ್ಲೇ, ಕನ್ನಡ ವಾರ್ತೆ ಓದಿದವರನ್ನು ಕರೆದು ವೇದಿಕೆಯಲ್ಲಿ ಕೂರಿಸಿ ಒಂದು ದಿನವಿಡೀ ಮಾತಾಡಿಸಬೇಕು. ಮೈಕಿನಲ್ಲಿ ಅವರಿಂದಲೇ ಮತ್ತೊಮ್ಮೆ ನಮ್ಮ ಊರುಗಳ ಹೆಸರು ಓದಿಸಬೇಕು.

ಕೇಬಲ್ ನಡೆಸುತ್ತಿದ್ದವರನ್ನು ಮೊನ್ನೆ ರಾಣೆಬೆನ್ನೂರಿನಲ್ಲಿ ಹುಡುಕಿ ಮಾತಾಡಿಸಿದೆ. ಹಳೆಯ ಕ್ಯಾಸೆಟ್ಟುಗಳು ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಗಳಲ್ಲಿವೆಯಂತೆ. ಕೆಲವಕ್ಕೆ ಬೂಷ್ಟು ಹಿಡಿದಿದೆ, ಹಲವು ಚೆನ್ನಾಗಿಯೇ ಇವೆ. ಅವರಿಗೆ ಕೊಡಲು ಬೇಜಾರಿಲ್ಲ, ಇಡುವವರು ಬೇಕು ಅಷ್ಟೆ. ಕಂಪ್ಯೂಟರಿಗೆ ಹಾಕಿಸುವ ಖರ್ಚನ್ನು ಈ ಸಲದ ಕಡ್ಡಿಕಾಯಿಯ ಹಣದಲ್ಲಿ ನಾನು ಕೊಡುತ್ತೇನೆಂದು ಒಪ್ಪಿದ್ದೇನೆ. ಹಾವೇರಿಯ ಯಾವುದಾದರೂ ಕಾಲೇಜು ಒಂದು ಕಪಾಟು ಕೊಟ್ಟರೆ ಸಾಕು. ಬ್ಯಾಡಗಿ ಪ್ಯಾಟಿಯ ಯಾವ ದಲಾಲಿ ಅಂಗಡಿಯಲ್ಲಿ ನನ್ನ ಹೆಸರು ಕೇಳಿದರೂ ಫೋನು ನಂಬರು ಸಿಗುತ್ತದೆ.