ಪೂರಿಗಾಲಿಯ ನೆತ್ತಿಯ ಮೇಲೆ

2022ನೆಯ ಇಸವಿ ಅಕ್ಟೋಬರ್ 9, ಭಾನುವಾರ, ಆಶ್ವಯುಜದ ಹುಣ್ಣಿಮೆ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ದೀಪ ಹಚ್ಚುವ ಹೊತ್ತು. ದನಗಳು ಕೊಟ್ಟಿಗೆ ಸೇರುವ, ಮುದ್ದೆಗೆ ಎಸರಿಡುವ ವೇಳೆ. ಗಂಟೆ 6-47 ಆದಾಗ ಊರಿನ ನೆತ್ತಿಯ ಸಮೀಪದಿಂದಲೇ, ಶ್ರವಣ ನಕ್ಷತ್ರದ ಉತ್ತರಕ್ಕೆ ತುಸು ದೂರದಿಂದ, ಬೆಳಕೊಂದು ಬಂದೆರಗಿತು. ತಲೆಯೆತ್ತಿ ನೋಡಿದವರಿಗೂ ಅದು ಕಾಣುವಂತಿರಲಿಲ್ಲ. ಅದು ಗಾಮಾ ಕಿರಣ. ಕಣ್ಣಿಗೆ ನಿಲುಕದ ಬೆಳಕು.

ಭಾರಿ ನಕ್ಷತ್ರವೊಂದು ತನ್ನ ಭಾರಕ್ಕೆ ತಾನೇ ಕುಸಿದಾಗ ಚಿಮ್ಮಿದ ಆ ಕಿರಣಗಳು ಸುಮಾರು 200 ಕೋಟಿ ವರ್ಷ ಪಯಣಿಸಿದ್ದವು. ಅವು ಹೊರಟಾಗ ಭೂಮಿಯ ಮೇಲೆ ರಾಗಿಯೂ ಇರಲಿಲ್ಲ, ಅದನ್ನು ಉಣ್ಣುವವರೂ ಇರಲಿಲ್ಲ. ಇದ್ದುದು ನೀರಿನೊಳಗಣ ಸೂಕ್ಷ್ಮಜೀವಿಗಳು. ಇಷ್ಟು ಪ್ರಖರವಾದ ಸ್ಫೋಟ ಹತ್ತು ಸಾವಿರ ವರ್ಷಗಳಿಗೊಮ್ಮೆ ಕಂಡೀತೆಂಬುದು ಖಗೋಳಜ್ಞರ ಲೆಕ್ಕ. ಭಾರತದಲ್ಲಿ ಸಿಡಿಲನ್ನು ಗುರುತಿಸಲೆಂದು ಇಟ್ಟಿದ್ದ ಯಂತ್ರಗಳೂ ಅದನ್ನು ಗ್ರಹಿಸಿದವು. ರೇಡಿಯೋ ಅಲೆಗಳನ್ನು ಹಿಂದಿರುಗಿಸುವ ಅಯಾನುಮಂಡಲವು ಗಂಟೆಗಟ್ಟಲೆ ಕದಡಿಹೋಗಿತ್ತು.

ಕೆಳಗಿದ್ದವರಿಗೇಕೆ ಏನೂ ತಟ್ಟಲಿಲ್ಲ? ದೂರ ಕಾಪಾಡಿತು, ಗಾಳಿಯೂ ಕಾಪಾಡಿತು. ತಲೆಯ ಮೇಲಿನ ಗಾಳಿಯ ತೂಕ 33 ಅಡಿ ನೀರಿನ ತೂಕಕ್ಕೆ ಸಮ; ಮನುಷ್ಯನು ತುಂಬಿದ ಬಾವಿಯ ತಳದಲ್ಲಿ ಕುಳಿತಂತೆಯೇ ಸರಿ.

ಆದರೆ ಇಂಥ ಸ್ಫೋಟ ಆಕಾಶಗಂಗೆಯೊಳಗೇ, ಕೆಲವೇ ಸಾವಿರ ಜ್ಯೋತಿರ್ವರ್ಷಗಳಾಚೆ ನಡೆದು ಭೂಮಿಯತ್ತಲೇ ಗುರಿಯಾಗಿದ್ದರೆ? ಆಗಲೂ ಗಾಳಿ ಕಿರಣಗಳನ್ನು ತಡೆಯುತ್ತಿತ್ತು. ತಡೆಯುವ ಭರದಲ್ಲಿ ಅದರೊಳಗಿನ ಸಾರಜನಕ, ಆಮ್ಲಜನಕಗಳು ಕೂಡಿ ಓಜೋನನ್ನು ತಿನ್ನುವ ಅನಿಲಗಳಾಗುತ್ತಿದ್ದವು. ಇರುವ ಓಜೋನಾದರೂ ಎಷ್ಟು! ಎಲ್ಲವನ್ನೂ ನೆಲಕ್ಕಿಳಿಸಿ ಹಾಸಿದರೆ ಸುಮಾರು 3 ಮಿಲಿಮೀಟರು ದಪ್ಪ. ಒಂದರ ಮೇಲೊಂದಿಟ್ಟ ಎರಡು ರಾಗಿಕಾಳಿನಷ್ಟು. ಅದು ಸವೆದರೆ ಮುಂದೆ ವರ್ಷಗಟ್ಟಲೆ, ದಿನವೂ ಅರ್ಘ್ಯ ಪಡೆಯುವ ಸೂರ್ಯನೇ ಹಗೆ. ಅವನ ಅತಿನೇರಳೆ ಕಿರಣಗಳು ಕಡಲ ಮೇಲ್ಮೈಯ ಸೂಕ್ಷ್ಮ ಸಸ್ಯಗಳನ್ನು ಮೊದಲು ಕೊಲ್ಲುವುವು. ಅವನ್ನುಂಡು ಬದುಕುವ ಜೀವಿಗಳಿಗೆ ಆಮೇಲೆ ಹಸಿವು. ಸುಮಾರು 44 ಕೋಟಿ ವರ್ಷಗಳ ಹಿಂದೆ ಕಡಲ ಜೀವಿಗಳು ಗುಂಪುಗುಂಪಾಗಿ ಅಳಿದುದಕ್ಕೆ ಇದೇ ಕಾರಣವಿರಬಹುದೆಂದು 2004ರಲ್ಲಿ ಕೆಲವು ವಿಜ್ಞಾನಿಗಳು ವಾದಿಸಿದರು. ಊಹೆ ಸೊಗಸಾಗಿದೆ, ಸಾಕ್ಷ್ಯ ಸಾಲದು. ಆ ಕಾಲದ ಹಿಮಯುಗವನ್ನೇ ಹೆಚ್ಚಿನವರು ದೂರುತ್ತಾರೆ.

ರೈತರ ಮಳೆಗೆ ಹೆಸರು ಕೊಟ್ಟ ಆರಿದ್ರಾ ನಕ್ಷತ್ರವೂ ಒಮ್ಮೆ ಸಿಡಿಯತಕ್ಕದ್ದೇ. ಲಕ್ಷ ವರ್ಷ ತಡೆದೀತು, ನಾಳೆಯೇ ಆದರೂ ಆದೀತು. ಐನೂರು ಜ್ಯೋತಿರ್ವರ್ಷಗಳಿಗೂ ಆಚೆ ಇರುವ ಅದರಿಂದ ಬೆಳೆಗೆ ಕೇಡಿಲ್ಲ, ಮಕ್ಕಳಿಗೂ ಇಲ್ಲ. ಅಮಾವಾಸ್ಯೆಯ ಇರುಳಲ್ಲಿಯೂ ಪೂರಿಗಾಲಿಯ ಹೊಲಗಳಲ್ಲಿ ರಾಗಿ ತೆನೆಗಳ ನೆರಳು ಬಿದ್ದೀತು, ಅಷ್ಟೆ.