ಇಂಟರ್‌ಲಾಕಿನ ಸಂದಿಯಲ್ಲಿ ತಜಂಕ್

ಕೆನಡಾದ ಒಂಟಾರಿಯೊದಲ್ಲಿರುವ ತಂಗಿಯ ಮಗಳು ರಜೆಗೆ ಬಂದಿದ್ದಾಗ ಡ್ಯಾಂಡೆಲಿಯನ್ ಬೇರಿನ ಚಹಾದ ಪೊಟ್ಟಣವೊಂದನ್ನು ಕೊಟ್ಟುಹೋಗಿದ್ದಳು. ಇವತ್ತು ಬೆಳಿಗ್ಗೆ ಮಳೆ ಹೊಳವಾದಾಗ ಅದನ್ನು ಕುದಿಸಿ, ಲೋಟ ಹಿಡಿದು ಜಗಲಿಯಲ್ಲಿ ಕೂತೆ. ಹುರಿದ ಬೇರಿನ ಕಂದು ಬಣ್ಣ, ನಾಲಗೆಯ ಹಿಂಬದಿಯಲ್ಲಿ ಉಳಿಯುವ ಹಿತವಾದ ಕಹಿ. ಎದುರಿನ ಗೇಟಿನ ಹತ್ತಿರ ಒಬ್ಬ ಹುಡುಗ ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದ. ಕಂಪೌಂಡಿನ ಬುಡಕ್ಕೆ ಕಳೆನಾಶಕ ಹೊಡೆಯತೊಡಗಿದ. ಅಲ್ಲಿದ್ದದ್ದು ತಜಂಕ್, ಮಳೆಗಾಲದಲ್ಲಿ ನಾವು ಪಲ್ಯ ಮಾಡುವ ಸೊಪ್ಪು. ಮೊದಲ ಮಳೆಗೆ ಹುಟ್ಟಿ, ತುಳುವರ ಆಟಿ ತಿಂಗಳಿಗೆ ಗೇಣುದ್ದವಾಗಿ, ಕೊಯ್ಯಲು ಹದವಾಗಿ ಬಂದ ತಜಂಕ್. ಆಮೇಲೆ ಆ ಚಹಾ ನನಗೆ ರುಚಿಸಲಿಲ್ಲ.

ಡ್ಯಾಂಡೆಲಿಯನ್ ಯಕೃತ್ತಿಗೆ ಒಳ್ಳೆಯದು, ಮೂತ್ರ ಸರಾಗ ಎಂದೆಲ್ಲ ಹೇಳುತ್ತಾರೆ. ಮೂತ್ರದ ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳಿ ಕುಡಿಯಲಿ. ಆ ವಿಚಾರ ಅಲ್ಲಿಗೆ ಸಾಕು. ನನಗೆ ಆ ಗಿಡದ ಮೇಲೆ ಪ್ರೀತಿ ಬೇರೆ ಕಾರಣಕ್ಕೆ. ಅದರಲ್ಲಿ ಬಿಸಾಡುವಂಥದ್ದು ಏನೂ ಇಲ್ಲ. ಎಳೆ ಎಲೆ ಪಲ್ಯಕ್ಕೆ, ಹಳದಿ ಹೂವು ವೈನಿಗೆ, ಬೇರು ಹುರಿದು ಪುಡಿ ಮಾಡಿದರೆ ಕಾಫಿಯ ಜಾಗಕ್ಕೆ. ನಮ್ಮ ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿ ಇದರ ದಾಯಾದಿ. ಎರಡೂ ಸೇವಂತಿಗೆಯ ಕುಟುಂಬದವು, ಎರಡರ ಬೇರಿನಲ್ಲೂ ಇನುಲಿನ್ ಎಂಬ ನಾರು ತುಂಬಿರುತ್ತದೆ, ಹುರಿದಾಗ ಅದೇ ಬಣ್ಣಗಟ್ಟಿ ಕಮ್ಮನೆಯ ವಾಸನೆ ಕೊಡುತ್ತದೆ. ಕಾಶ್ಮೀರದಲ್ಲಿ ಈ ಸೊಪ್ಪಿಗೆ ಹಂದ್ ಎನ್ನುತ್ತಾರೆ. ಅಲ್ಲಿ ಅದನ್ನು ಬಯಲಿನಿಂದ ಕಿತ್ತು ತಂದು ಬಾಣಂತಿಗೆ ಬೇಯಿಸಿಕೊಡುತ್ತಾರೆ, ಒಣಗಿಸಿ ಚಳಿಗಾಲಕ್ಕೂ ಇಟ್ಟುಕೊಳ್ಳುತ್ತಾರೆ. ಹಿಮ ಬೀಳುವ ಊರಿನ ಬಾಣಂತಿಕೋಣೆಗೆ ಕಹಿ ಸೊಪ್ಪು ಬರುತ್ತದೆ ಎಂದು ಕೇಳಿದಾಗ ಅಲ್ಲಿಯವರು ನನಗೆ ಥಟ್ಟನೆ ನೆಂಟರಾದರು.

ತಂಗಿಯ ಮಗಳ ಊರಿನಲ್ಲೂ ಹುಲ್ಲುಹಾಸಿನ ಚೆಂದ ಕೆಡುತ್ತದೆಂದು ಈ ಗಿಡಕ್ಕೆ ಬಹಳ ಕಾಲ ಮದ್ದು ಹೊಡೆದರು. 2009ರ ಏಪ್ರಿಲಿನಿಂದ ಒಂಟಾರಿಯೊದಲ್ಲಿ ಬರೀ ಚೆಂದಕ್ಕಾಗಿ ಕಳೆನಾಶಕ ಹೊಡೆಯುವುದು ಕಾನೂನಿಗೆ ವಿರುದ್ಧ. ಈಗ ಮೇ ತಿಂಗಳಲ್ಲಿ ಮನೆಗಳ ಮುಂದೆ ಹಳದಿಯೋ ಹಳದಿ ಎಂದಳು. ಕೇಳಿ ನನಗೆ ಹೊಟ್ಟೆಕಿಚ್ಚಾಯಿತು.

ಯಾಕೆಂದರೆ ಮಂಗಳೂರಿನ ನಮ್ಮ ಕೊಟ್ಟಾರದಲ್ಲಿ ಮದ್ದಿಗಿಂತ ದೊಡ್ಡ ವೈರಿ ಇದೆ, ಇಂಟರ್‌ಲಾಕ್. ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಅಂಗಳವನ್ನು. ಅಂಗಳಕ್ಕೆ ಹಾಕಿಸಿದರು, ಇರಲಿ, ಕಾರಿಗೆ ಕೆಸರು ಬೇಡ. ಬಾವಿಕಟ್ಟೆಯ ಸುತ್ತ ಯಾಕೆ? ತೆಂಗಿನ ಬುಡಕ್ಕೆ ಒತ್ತಿ ಯಾಕೆ? ಗೇಟಿನ ಹೊರಗೆ, ಚರಂಡಿಗೂ ಗೋಡೆಗೂ ನಡುವೆ ಒಂದು ಮೊಳ ಅಗಲದ ಮಣ್ಣು ಉಳಿದಿತ್ತಲ್ಲ, ಅದಕ್ಕೂ ಹಾಕಿಸಿ ಸಂದಿಗೆ ಸಿಮೆಂಟು ತುಂಬಿದರೆ ನೀರು ಇಳಿಯುವುದು ಎಲ್ಲಿಂದ? ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು ಇದು. ಮುರಕಲ್ಲಿನ ನೆಲ ಕುಡಿಯಬೇಕಾದ ನೀರು ಗೇಟು ದಾಟಿ ಇಳಿಜಾರು ಹಿಡಿಯುತ್ತದೆ. ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲಿ ಹೆದ್ದಾರಿಯೇ ಹೊಳೆಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ತಗ್ಗು ಜಾಗ, ತುಂಬಿದ ತೋಡು, ಹೆದ್ದಾರಿಯ ಎತ್ತರ, ಕಾರಣ ಬೇಕಾದಷ್ಟಿವೆ. ಅವುಗಳಲ್ಲಿ ನಮ್ಮ ನಮ್ಮ ಅಂಗಳವೂ ಒಂದು ಎಂದು ನಾನು ಮದುವೆ ಮನೆಯಲ್ಲೂ ಹೇಳುತ್ತೇನೆ, ಬೊಜ್ಜದ ಮನೆಯಲ್ಲೂ ಹೇಳುತ್ತೇನೆ. ಮಣ್ಣಿನ ಒಂದು ಪಟ್ಟಿ ಬಿಡಿ. ನೀರೂ ಇಳಿಯುತ್ತದೆ, ಆಟಿಗೆ ಪಲ್ಯವೂ ಸಿಗುತ್ತದೆ.

ಹುಡುಗ ಹೋದ ಮೇಲೆ ಪಕ್ಕದ ಮನೆಯ ಬಾಯಮ್ಮ ಗೋಡೆಯ ಆಚೆಯಿಂದ ಕೂಗಿದರು. “ಮಾಷ್ಟ್ರೆ, ಮದ್ದು ಬಿದ್ದದ್ದನ್ನು ಮುಟ್ಟಬೇಡಿ. ನಮ್ಮ ಹಿತ್ತಲಲ್ಲಿ ಉಂಟು, ಬೇಕಾದಷ್ಟು ಕೊಯ್ಯಿರಿ.”

“ನೀವು ಎಂತ ಮಾಡ್ತೀರಿ ಅದಕ್ಕೆ?”

“ಎಂತ ಮಾಡುವುದು? ಹಲಸಿನ ಬೀಜ ಹಾಕುವುದು. ತಾಯ್ಕಿಳೊಗೆ ಬೀಜ ಇಲ್ಲದಿದ್ದರೆ ಉಂಟಾ ಮಾರಾಯ್ರೆ!”

ತಾಯ್ಕಿಳೊ ಎಂದರೆ ಕೊಂಕಣಿಯಲ್ಲಿ ತಜಂಕ್. ನಮ್ಮ ಮನೆಯಲ್ಲೂ ಹಾಗೆಯೇ. ಬೇಸಗೆಯಲ್ಲಿ ಎತ್ತಿಟ್ಟ ಹಲಸಿನ ಬೀಜ, ಹೂ ಬಿಡುವ ಮೊದಲಿನ ತಜಂಕಿನ ಕುಡಿ, ತೆಂಗಿನಕಾಯಿ. ಬಲಿತ ಮೇಲೆ ಎಲೆ ಒರಟು, ವಾಸನೆ ಬೇರೆ. ಚೌತಿ ಕಳೆದ ಮೇಲೆ ಅದನ್ನು ತರಬೇಡಿ ಎಂದು ನನ್ನ ಅಮ್ಮ ಅಪ್ಪಣೆ ಮಾಡುತ್ತಿದ್ದರು.

ಬಲಿತ ಗಿಡಕ್ಕೂ ಕೆಲಸವಿದೆ ಎಂದು ತಿಳಿದದ್ದು ಬಹಳ ತಡವಾಗಿ. ಮಳೆ ಮುಗಿದು ಕೋಡು ಒಣಗಿದಾಗ ಒಳಗೆ ಹೊಳೆಯುವ ಕಂದು ಬೀಜಗಳು ಸಿಗುತ್ತವೆ. ಚೀನಾ, ಕೊರಿಯಾ, ಜಪಾನುಗಳಲ್ಲಿ ತಜಂಕಿನ, ಅದರ ಹತ್ತಿರದ ನೆಂಟ ಗಿಡದ ಬೀಜವನ್ನು ಹುರಿದು, ಕುದಿಸಿ ಚಹಾದಂತೆ ಕುಡಿಯುತ್ತಾರೆ. ಕಾಫಿಗೆ ಬದಲಾಗಿಯೂ ಇದರ ಬಳಕೆ ಇತ್ತು. ಬೀಜದಿಂದ ತೆಗೆದ ಅಂಟು ಪರದೇಶದ ನಾಯಿ ಬೆಕ್ಕುಗಳ ಡಬ್ಬಿ ಊಟವನ್ನು ಗಟ್ಟಿ ಮಾಡುತ್ತದೆ. ಒಂಟಾರಿಯೊದ ಹುರಿದ ಬೇರು ನನ್ನ ಲೋಟದಲ್ಲಿದ್ದ ಹೊತ್ತಿನಲ್ಲಿ, ಅದೇ ಕೆಲಸಕ್ಕೆ ಬರುವ ಗಿಡ ಎದುರಿನ ಗೋಡೆಯ ಬುಡದಲ್ಲಿ ಸಾಯುತ್ತಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಆದರೆ ಯಾರೂ ಇದನ್ನು ಓದಿ ಬೀಜ ಹುರಿಯಲು ಹೊರಡಬಾರದು. ತಜಂಕಿನಂತೆಯೇ ಹಳದಿ ಹೂ ಬಿಡುವ ಕಾಸಮರ್ದ ಎಂಬ ಗಿಡವೂ ರಸ್ತೆಬದಿಯಲ್ಲಿ ಬೆಳೆಯುತ್ತದೆ. ಉತ್ತರ ಪ್ರದೇಶದ ಬಿಜನೋರ್ ಕಡೆ ವರ್ಷವರ್ಷವೂ ಮಕ್ಕಳು ಮೆದುಳುಜ್ವರದಂಥ ಕಾಯಿಲೆಯಿಂದ ಸಾಯುತ್ತಿದ್ದಾಗ, ಕಾರಣ ವೈರಾಣು ಅಲ್ಲ, ಆಟವಾಡುತ್ತ ತಿಂದ ಈ ಗಿಡದ ಕಾಯಿ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿನ ಮಕ್ಕಳ ವೈದ್ಯ ವಿಪಿನ್ ವಶಿಷ್ಠ, ವೆಲ್ಲೂರಿನ ವೈರಾಣು ತಜ್ಞ ಟಿ. ಜೇಕಬ್ ಜಾನ್ ಅದರಲ್ಲಿದ್ದರು. ತಜಂಕಿನ ಎಲೆಯಲ್ಲಿ ಮೂರು ಜೊತೆ ಕಿರುಎಲೆ, ತುದಿ ದುಂಡು. ಕಾಸಮರ್ದದ್ದು ನಾಲ್ಕೈದು ಜೊತೆ, ತುದಿ ಚೂಪು. ಇಷ್ಟನ್ನು ಬರೆದು ಹೇಳಬಹುದು. ಆದರೂ ಗಿಡದ ಎದುರು ನಿಂತು ಒಬ್ಬರು ತೋರಿಸಬೇಕು, ಇನ್ನೊಬ್ಬರು ಕೈಯಲ್ಲಿ ಹಿಡಿದು ನೋಡಬೇಕು. ಆಟಿ ಅಮಾವಾಸ್ಯೆಯಂದು ಕುಡಿಯುವ ಪಾಲೆ ಮರದ ಕಷಾಯದಲ್ಲೂ ಹೀಗೆಯೇ. ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ಸೋಕಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಬೆಳ್ಳುಳ್ಳಿ, ಕರಿಮೆಣಸು, ಓಮ ಸೇರಿಸಿ ಕಡೆದು ಬೆಳಗ್ಗೆ ಬರಿಹೊಟ್ಟೆಗೆ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣಬೇಕು. ಕತ್ತಲೆಯಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಜೀವ ತೆಗೆಯುವ ವಿಷ. ಅದಕ್ಕಾಗಿಯೇ ಹಿಂದಿನವರು ಹಿಂದಿನ ದಿನ ಹಗಲಲ್ಲೇ ಹೋಗಿ ಮರ ನೋಡಿ ಗುರುತು ಮಾಡಿ ಬರುತ್ತಿದ್ದರು.

ಪಾಲೆಯ ಮಾತು ಬಂದಾಗ ಹೊರ್ತುಸ್ ಮಲಬಾರಿಕುಸ್ ನೆನಪಾಗುತ್ತದೆ. ಡಚ್ಚರ ಕೊಚ್ಚಿಯ ಅಧಿಕಾರಿ ವಾನ್ ರೀಡ್ ಬರೆಸಿ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ 12 ಸಂಪುಟಗಳ ಗ್ರಂಥ. ಪಾಲೆ ಅದರ ಮೊದಲ ಸಂಪುಟದಲ್ಲೇ ಇದೆ. ಡ್ಯಾಂಡೆಲಿಯನ್ನಿನ ಕುಟುಂಬದ್ದೇ ಆದ, ಅದರಂತೆಯೇ ಬೀಜವನ್ನು ಗಾಳಿಗೆ ಹಾರಿಬಿಡುವ ಪುಟ್ಟ ಗಿಡವೂ ಆ ಗ್ರಂಥದಲ್ಲಿದೆ. ಕಾಸರಗೋಡಿನ ಮಲಯಾಳಿಗಳು ಅದನ್ನು ಮುಯಲ್‌ಚೆವಿಯನ್ ಎನ್ನುತ್ತಾರೆ, ನಮ್ಮ ಆಟಿಯೇ ಆದ ಅವರ ಕರ್ಕಾಟಕದಲ್ಲಿ ಅದು ದಶಪುಷ್ಪಗಳಲ್ಲಿ ಒಂದು. ಗ್ರಂಥಕ್ಕೆ ಮಾಹಿತಿ ಕೊಟ್ಟವರಲ್ಲಿ ಮಲಯಾಳಿ ವೈದ್ಯ ಇಟ್ಟಿ ಅಚ್ಯುದನ್ ಜೊತೆಗೆ ಕೊಚ್ಚಿಯ ಮೂವರು ಕೊಂಕಣಿ ವೈದ್ಯರಿದ್ದರು, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಅವರು ಕೊಂಕಣಿಯಲ್ಲಿ, ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಹೇಳಿಕೆ ಪುಸ್ತಕದಲ್ಲೇ ಅಚ್ಚಾಗಿದೆ. ಆದರೆ ಆ ಮೂವರ ಮನೆಗಳಲ್ಲಿ ಮಳೆಗಾಲದ ಬೆಳಿಗ್ಗೆ ಸೊಪ್ಪು ಕೊಯ್ದು ತರುತ್ತಿದ್ದವರು ಯಾರು? ಎಳೆಯದು ಯಾವುದು, ಬಲಿತದ್ದು ಯಾವುದು ಎಂದು ಆರಿಸಿ, ಹಲಸಿನ ಬೀಜ ಸುಲಿದು ಒಲೆಯ ಮೇಲೆ ಇಡುತ್ತಿದ್ದವರು? ವೈದ್ಯರು ಮದ್ದಿನ ಗುಣ ಹೇಳಿದ್ದಾರೆ. ಊಟದ ವಿಷಯ ಎಲ್ಲಾದರೂ ಬಾಯಿ ತಪ್ಪಿ ಬಂದಿದೆಯೇ ಎಂದು ನೋಡುವ ಆಸೆ. ಕೆ. ಎಸ್. ಮಣಿಲಾಲ್ ಅವರ 2003ರ ಇಂಗ್ಲಿಷ್ ಅನುವಾದ ಎಲ್ಲಾದರೂ ಸಿಕ್ಕಿದರೆ ಮೊದಲು ತೆರೆಯುವುದು ಹತ್ತನೆಯ ಸಂಪುಟ, ಕಿರುಗಿಡಗಳದ್ದು.