ಕುದುರೆ ಏರುವ ಮುನ್ನ ಲಾಯ ನೋಡಿ



ನಲವತ್ತು ದಾಟಿದವರು ಕುದುರೆ ಸವಾರಿ ಕಲಿಯಲು ಹೊರಟರೆ ಜನ ನಗುವುದಿಲ್ಲವೇ ಎಂದು ಪತ್ರದಲ್ಲಿ ಕೇಳಿದ್ದೀರಿ. ನಗುತ್ತಾರೆ. ಮನೆಯವರೇ ಮೊದಲು ನಗುತ್ತಾರೆ, ಆಮೇಲೆ ಇನ್ಶೂರೆನ್ಸ್ ಕಂತು ಕಟ್ಟಿದ್ದೀಯಾ ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಅದೆಲ್ಲ ಒಂದು ವಾರದ ಮಾತು, ಬಿಡಿ. ಜಪಾನಿನ ಹಿರೋಶಿ ಹೊಕೆತ್ಸು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯ ಡ್ರೆಸ್ಸಾಜ್ ಸ್ಪರ್ಧೆಗೆ ಇಳಿದಾಗ ಅವರಿಗೆ 71 ವರ್ಷ. ಗಂಡಸರೂ ಹೆಂಗಸರೂ ಒಂದೇ ಕಣದಲ್ಲಿ ಒಬ್ಬರೆದುರು ಒಬ್ಬರು ಸ್ಪರ್ಧಿಸುವ ಕ್ರೀಡೆ ಇದು. ಕಾರಣ ಸರಳ: ಐನೂರು ಕಿಲೋ ತೂಗುವ ಪ್ರಾಣಿಯನ್ನು ಯಾವ ಪೈಲ್ವಾನನೂ ತೋಳ್ಬಲದಿಂದ ಎಳೆದು ನಿಲ್ಲಿಸಲಾರ. ಇಲ್ಲಿ ಬೇಕಾದದ್ದು ಸಮತೋಲ, ತಾಳ್ಮೆ, ಹದವಾದ ಕೈ. ತಾಳ್ಮೆಯಂತೂ ವಯಸ್ಸಾದವರಲ್ಲಿ ಒಂದು ಗುಂಜಿ ಹೆಚ್ಚೇ ಇರುತ್ತದೆ.

ತೂಕದ ಮಾತು ಬೇರೆ. ಸವಾರ, ಜೀನು ಎರಡೂ ಸೇರಿ ಕುದುರೆಯ ತೂಕದ ಶೇಕಡಾ 20 ದಾಟಬಾರದು ಎಂಬುದು ಸಾಮಾನ್ಯವಾಗಿ ಎಲ್ಲರೂ ಪಾಲಿಸುವ ಲೆಕ್ಕ. ಅಂದರೆ 450 ಕಿಲೋದ ಕುದುರೆಗೆ ಹೆಚ್ಚೆಂದರೆ 90 ಕಿಲೋ. ಶಾಲೆಯವರು ಕೇಳಿದಾಗ ಐದು ಕಿಲೋ ಕಡಿಮೆ ಮಾಡಿ ಹೇಳಬೇಡಿ. ಸುಳ್ಳು ಹೊರುವುದು ಅವರಲ್ಲ, ಕುದುರೆ. ಬೆನ್ನುಹುರಿ, ಸೊಂಟ, ಮಂಡಿಯ ಹಳೇ ತೊಂದರೆ ಇದ್ದರೆ ಡಾಕ್ಟರ ಬಳಿ ಒಂದು ಮಾತು ಕೇಳಿಯೇ ಹೊರಡಿ.

ಕುದುರೆ ಎಂದರೆ ರಾಜರ, ಸಾಹುಕಾರರ ಬಾಬತ್ತು ಎಂಬ ಹಿಂಜರಿಕೆಯೂ ನಿಮ್ಮ ಪತ್ರದಲ್ಲಿ ಕಂಡಿತು. ಅದು ಅರ್ಧ ನಿಜ. ಹಣ ಬೇಕು, ಆದರೆ ಕುದುರೆ ಕೊಳ್ಳುವಷ್ಟು ಬೇಡ, ಪಾಠದ ಶುಲ್ಕಕ್ಕಾದರೆ ಸಾಕು. ನಮ್ಮ ನಾಡಿಗೆ ಈ ಪ್ರಾಣಿ ಹೊಸದೂ ಅಲ್ಲ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಬಂದದ್ದು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಕುದುರೆ ಮೇಲೆ ಕೂತು ಈಟಿ ಹಿಡಿದು ಗೆದ್ದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಆ ದಳ 1953ರಲ್ಲಿ ಸೈನ್ಯದ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ನಮ್ಮ ಕಾಲಕ್ಕೆ ಬಂದರೆ, ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನ ಈವೆಂಟಿಂಗ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. ಏಷ್ಯನ್ ಗೇಮ್ಸ್‌ನ ಕುದುರೆ ಸವಾರಿಯಲ್ಲಿ ಭಾರತಕ್ಕೆ 1982ರ ನಂತರ ಬಂದ ಮೊದಲ ವೈಯಕ್ತಿಕ ಪದಕ ಅದು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಫೈನಲ್ ತಲುಪಿ 23ನೆಯವರಾದರು. ಅವರ ತಂದೆ ಕುದುರೆಗಳ ವೈದ್ಯರು.

ಇನ್ನು ಎಲ್ಲಿ ಕಲಿಯುವುದು? ಬೆಂಗಳೂರಿನ ದೇವನಹಳ್ಳಿ ದಾರಿಯಲ್ಲಿ 1996ರಿಂದ ನಡೆಯುತ್ತಿರುವ ಎಂಬಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್‌ನಂಥ ದೊಡ್ಡ ಶಾಲೆ ಇದೆ. ಊರಂಚಿನ ತೋಟಗಳಲ್ಲಿ ಐದಾರು ಕುದುರೆ ಕಟ್ಟಿಕೊಂಡು ಕಲಿಸುವ ಸಣ್ಣ ಜಾಗಗಳೂ ಇವೆ. ಇಂಥಲ್ಲಿಗೇ ಹೋಗಿ ಎಂದು ನಾನು ಬೆರಳು ಮಾಡಿ ತೋರಿಸುವುದಿಲ್ಲ. ಟ್ರೈನರ್ ಕೆಲಸ ಬಿಡುತ್ತಾರೆ, ಒಳ್ಳೆಯ ಕುದುರೆಗೆ ವಯಸ್ಸಾಗುತ್ತದೆ. ಹೋದ ವರ್ಷದ ಶಾಲೆ ಈ ವರ್ಷ ಬೇರೆಯೇ ಆಗಿರುತ್ತದೆ. ಬೋರ್ಡು, ವೆಬ್‌ಸೈಟು, ಶುಲ್ಕದ ಪಟ್ಟಿ ಯಾವುದನ್ನೂ ನೋಡಿ ನಿರ್ಧರಿಸಬೇಡಿ. ಲಾಯ ನೋಡಿ.

ಬೆಳಿಗ್ಗೆ ಆರೂವರೆಗೆ ಹೋಗಿ. ಸೋಮವಾರ ಬೇಡ, ಬಹಳ ಕಡೆ ಅವತ್ತು ಕುದುರೆಗಳಿಗೆ ರಜೆ. ಒಳಗೆ ಕಾಲಿಟ್ಟೊಡನೆ ಮೂಗು ಉರಿಯುವಷ್ಟು ಮೂತ್ರದ ಘಾಟು ಇದ್ದರೆ ನೆಲದ ಹುಲ್ಲು ಬದಲಾಯಿಸಿ ದಿನಗಳಾಗಿವೆ ಎಂದೇ ಅರ್ಥ. ನೀರಿನ ತೊಟ್ಟಿ ನೋಡಿ. ಗೊರಸು ಸೀಳಿದೆಯೇ, ಲಾಳ ಸಡಿಲವಾಗಿದೆಯೇ ನೋಡಿ. ಜೀನು ಕೂರುವ ಜಾಗದಲ್ಲಿ, ಭುಜದ ಮೇಲಿನ ಏರಿನ ಆಚೀಚೆ, ಕಂದು ಮೈಯಲ್ಲಿ ಬಿಳಿ ಕೂದಲ ತೇಪೆಗಳು ಕಂಡರೆ ಅವು ಹುಟ್ಟು ಮಚ್ಚೆ ಇರಲಾರವು. ಅಳತೆಗೆ ಸರಿಹೋಗದ ಜೀನು ಉಜ್ಜಿ ಗಾಯವಾಗಿ, ಮಾದ ಮೇಲೆ ಅಲ್ಲಿ ಬೆಳ್ಳಗೆ ಕೂದಲು ಬಂದಿರುತ್ತದೆ. ಒಂದು ಕುದುರೆಗಿದ್ದರೆ ಅದರ ಹಳೇ ಮಾಲೀಕನ ಪಾಪ ಎನ್ನೋಣ. ಎಲ್ಲಕ್ಕೂ ಇದ್ದರೆ ಕಾರಿನ ಕಡೆ ತಿರುಗಿ ನಡೆಯಿರಿ. ಇನ್ನೂ ಒಂದು ಗಮನಿಸಿ: ಕುದುರೆ ನೋಡಿಕೊಳ್ಳುವ ಸೈಸ್ ಏನೋ ಎತ್ತಿಕೊಳ್ಳಲು ಕೈ ಮೇಲೆ ಮಾಡಿದಾಗ ಕುದುರೆ ತಲೆ ಜಾಡಿಸಿ ಹಿಂದೆ ಸರಿಯುತ್ತದೆಯೋ, ಸುಮ್ಮನೆ ಮೇವು ಮೆಲ್ಲುತ್ತದೆಯೋ? ಆ ಲಾಯದ ಮರ್ಯಾದೆ ಪೂರ್ತಿ ಆ ಒಂದು ಕ್ಷಣದಲ್ಲಿದೆ.

ಕುದುರೆಗಳು ಎಲ್ಲಿಂದ ಬಂದವು ಎಂದೂ ಕೇಳಿ. ನಮ್ಮ ಸವಾರಿ ಶಾಲೆಗಳಲ್ಲಿ ರೇಸ್‌ಕೋರ್ಸಿನಿಂದ ನಿವೃತ್ತವಾದ ಥರೋಬ್ರೆಡ್‌ಗಳು ಬಹಳ. ಎರಡು ವರ್ಷಕ್ಕೇ ಓಟಕ್ಕಿಳಿಯುವ ಈ ಕುದುರೆಗಳು ಆರೇಳು ವರ್ಷಕ್ಕೆಲ್ಲ ಅಲ್ಲಿ ಮುದುಕರ ಲೆಕ್ಕಕ್ಕೆ ಬರುತ್ತವೆ, ಆಯಸ್ಸೋ ಇಪ್ಪತ್ತೈದರ ತನಕ ಇರುತ್ತದೆ. ಉಳಿದ ಬದುಕಿಗೆ ಒಂದು ಕೆಲಸ ಬೇಕಲ್ಲ, ಆದ್ದರಿಂದ ಅವು ಇಲ್ಲಿಗೆ ಬರುವುದರಲ್ಲಿ ತಪ್ಪೇನಿಲ್ಲ. ಅವುಗಳಲ್ಲಿ ದೇವರಂಥವೂ ಇವೆ. ತೊಡಕು ಬೇರೆ ಕಡೆ ಇದೆ. ರೇಸಿನಲ್ಲಿ ಜಾಕಿ ಲಗಾಮು ಬಿಗಿಯಾಗಿ ಹಿಡಿದಷ್ಟೂ ಅದಕ್ಕೆ ಆತು ಮುನ್ನುಗ್ಗುವುದನ್ನು ಅವು ರೂಢಿ ಮಾಡಿಕೊಂಡಿರುತ್ತವೆ. ಹೊಸಬರು ಹೆದರಿದಾಗ ಮಾಡುವ ಮೊದಲ ಕೆಲಸವೇ ಲಗಾಮು ಎಳೆಯುವುದು. ನೀವು ನಿಲ್ಲು ಎಂದು ಎಳೆದದ್ದು ಅದಕ್ಕೆ ಓಡು ಎಂದು ತಲುಪಿದರೆ ಕುದುರೆಯನ್ನು ಬೈದು ಫಲವಿಲ್ಲ. ಈ ರೂಢಿ ಬಿಡಿಸಿ ಹೊಸ ಪಾಠ ಕಲಿಸಲು ತಿಂಗಳುಗಟ್ಟಲೆ ಬೇಕು. ಆದ್ದರಿಂದ, ‘ನನಗೆ ಕೊಡುವ ಕುದುರೆ ರೇಸ್ ಬಿಟ್ಟು ಎಷ್ಟು ವರ್ಷವಾಯಿತು, ಅದರ ಮೇಲೆ ಎಷ್ಟು ಜನ ಹೊಸಬರು ಕಲಿತಿದ್ದಾರೆ’ ಎಂದು ನಾಚಿಕೆ ಬಿಟ್ಟು ಕೇಳಿ. ಹೊಸಬರಿಗೆ ತಕ್ಕದ್ದು ಹನ್ನೆರಡು ದಾಟಿದ, ಜಗತ್ತಿನ ಬಗ್ಗೆ ಕುತೂಹಲ ಕಳೆದುಕೊಂಡಂತೆ ಕಾಣುವ, ಪ್ಲಾಸ್ಟಿಕ್ ಚೀಲ ಹಾರಿ ಬಂದರೂ ಕಿವಿಯೊಂದನ್ನೇ ಆಡಿಸುವ ಕುದುರೆ. ಕಿವಿತುದಿಗಳು ಒಂದಕ್ಕೊಂದು ಬಾಗಿ ತಾಗುವ ಬಿಳಿ ಮಾರ್ವಾಡಿ ತಳಿಯ ಕುದುರೆಯ ಮೇಲೆ ಫೋಟೋ ಚೆನ್ನಾಗಿ ಬರುತ್ತದೆ, ಅದು ಬೇರೆ ವಿಷಯ.

ಟ್ರೈನರ್‌ಗೆ ಕೇಳಬೇಕಾದದ್ದು ಹೆಚ್ಚಿಲ್ಲ. ಮೊದಲ ಪಾಠಗಳು, ಟ್ರೈನರ್ ನಡುವೆ ನಿಂತು ಕುದುರೆಯನ್ನು ಸುತ್ತ ನಡೆಸುವ ಲಂಜ್ ಹಗ್ಗದಲ್ಲೇ ನಡೆಯುತ್ತವೆಯೇ? ಒಂದು ಕ್ಲಾಸಿನಲ್ಲಿ ಎಷ್ಟು ಜನ? ಒಂದು ಕುದುರೆ ದಿನಕ್ಕೆ ಎಷ್ಟು ಕ್ಲಾಸು ಮಾಡುತ್ತದೆ? ಕೊನೆಯ ಪ್ರಶ್ನೆಗೆ ಅವರು ಮುಖ ಗಂಟಿಕ್ಕಿದರೆ ಉತ್ತರ ಸಿಕ್ಕಂತೆಯೇ. ಹತ್ತು ದಿನದಲ್ಲಿ ಗ್ಯಾಲಪ್ ಮಾಡಿಸುತ್ತೇವೆ ಎನ್ನುವವರಿಂದ ದೂರವಿರಿ. ಊಟಿಯ ಕೆರೆ ಬದಿಯಲ್ಲಿ ಹುಡುಗನೊಬ್ಬ ಹಗ್ಗ ಹಿಡಿದು ಒಂದು ಸುತ್ತು ತಿರುಗಿಸಿ ತರುವುದೂ ಸವಾರಿಯೇ, ಆದರೆ ಅಲ್ಲಿ ಕುದುರೆ ನಡೆಸುವವನು ಆ ಹುಡುಗ. ಹತ್ತು ದಿನದ ಭರವಸೆಯೂ ಅದೇ ಜಾತಿಯದು, ದರ ಮಾತ್ರ ಹೆಚ್ಚು.

ಬಟ್ಟೆಬರೆಗೆ ದುಡ್ಡು ಸುರಿಯಬೇಡಿ. ಕಾಲಿಗೆ ಅಂಟುವ ಹತ್ತಿಯ ಪ್ಯಾಂಟು ಸಾಕು. ಜೀನ್ಸ್ ಬೇಡ, ಒಳಹೊಲಿಗೆ ತೊಡೆ ತರಚುತ್ತದೆ. ದುಪಟ್ಟಾ, ಬಳೆ, ಉಂಗುರ ಮನೆಯಲ್ಲಿರಲಿ. ಶೂಗೆ ಒಂದಿಂಚಿನಷ್ಟು ಹಿಮ್ಮಡಿ ಇರಲೇಬೇಕು. ಇಲ್ಲದಿದ್ದರೆ ಪಾದ ರಿಕಾಪಿನೊಳಗೆ ಪೂರ್ತಿ ನುಗ್ಗಿ ಸಿಕ್ಕಿಕೊಳ್ಳುತ್ತದೆ, ಬಿದ್ದವರನ್ನು ಕುದುರೆ ಎಳೆದೊಯ್ಯುವುದು ಹೀಗೆಯೇ. ಹೆಲ್ಮೆಟ್ ವಿಷಯದಲ್ಲಿ ಮಾತ್ರ ಕಂಜೂಸುತನ ಬೇಡ. ಸೈಕಲ್ ಹೆಲ್ಮೆಟ್ ನಡೆಯುವುದಿಲ್ಲ, ಸವಾರಿಯದ್ದು ತಲೆಯ ಹಿಂಭಾಗವನ್ನೂ ಕಾಯುತ್ತದೆ. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ ಹೊರಗೆ ಎಷ್ಟೇ ನುಣ್ಣಗಿದ್ದರೂ ಮತ್ತೆ ತಲೆಗೇರಬಾರದು.

ಮೊದಲ ದಿನ ಬೇಗ ಹೋಗಿ, ಕುದುರೆಯ ಮೈ ತಿಕ್ಕಲು ನನಗೂ ಬ್ರಷ್ ಕೊಡಿ ಎಂದು ಕೇಳಿ. ಕುದುರೆಯ ಕಣ್ಣು ತಲೆಯ ಪಕ್ಕಗಳಲ್ಲಿದೆ. ಸುತ್ತ ಹೆಚ್ಚುಕಡಿಮೆ 350 ಡಿಗ್ರಿಯನ್ನು ಅದು ಒಟ್ಟಿಗೇ ನೋಡಬಲ್ಲದು. ಕಾಣದಿರುವುದು ನೇರ ಹಿಂದೆ, ಮತ್ತೆ ಹಣೆಯ ಮುಂದೆ ಒಂದು ಸಣ್ಣ ಜಾಗ. ಹಿಂದಿನಿಂದ ಸದ್ದಿಲ್ಲದೆ ಬಂದವರನ್ನು ಒದೆಯುವುದು ಕೋಪದಿಂದಲ್ಲ, ಬೆನ್ನ ಹಿಂದೆ ಹುಲಿ ಬಂತೆಂಬ ಗಾಬರಿಯಿಂದ. ಎಡಭುಜದ ಕಡೆಯಿಂದ, ಮಾತಾಡುತ್ತ ಹತ್ತಿರ ಹೋಗಿ. ಹಿಂದೆ ದಾಟಬೇಕಾದರೆ ಒಂದೋ ಮೈಗೆ ಕೈ ತಾಗಿಸಿಕೊಂಡು ಒತ್ತಿ ನಡೆಯಿರಿ, ಇಲ್ಲವೇ ಕಾಲಿಗೆ ಎಟುಕದಷ್ಟು ದೂರದಿಂದ ಸುತ್ತಿ ಬನ್ನಿ. ಕಿವಿ ಹಿಂದಕ್ಕೆ ಒತ್ತಿ ಮಲಗಿಸಿದರೆ ಅದಕ್ಕೆ ಸಿಟ್ಟು. ಪ್ರೀತಿ ಉಕ್ಕಿ ಮನೆಯಿಂದ ಚಪಾತಿ, ಹಬ್ಬದ ಹೋಳಿಗೆ ಒಯ್ಯಬೇಡಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆನೋವೇ ಅದರ ಪ್ರಾಣ ತೆಗೆದೀತು. ಸೈಸ್ ಒಪ್ಪಿದರೆ ಒಂದು ಕ್ಯಾರೆಟ್ ಕೊಡಿ, ಅಂಗೈ ಚಪ್ಪಟೆ ಹಿಡಿದು. ಹಾಂ, ಸೈಸ್‌ನ ಸ್ನೇಹ ಮಾಡಿಕೊಳ್ಳಿ. ಯಾವ ಕುದುರೆಗೆ ಇವತ್ತು ಮನಸ್ಸು ಸರಿಯಿಲ್ಲ ಎಂಬುದು ಲಾಯದಲ್ಲಿ ಮೊದಲು ತಿಳಿಯುವುದು ಅವನಿಗೆ.

ಹತ್ತುವ ಮುನ್ನ ಜೀನಿನ ಹೊಟ್ಟೆಪಟ್ಟಿ ನೋಡಿ. ಬಿಗಿಯುವಾಗ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುವ ಜಾಣ ಕುದುರೆಗಳಿವೆ, ಎರಡು ಸುತ್ತು ನಡೆದ ಮೇಲೆ ಪಟ್ಟಿ ಸಡಿಲವಾಗಿರುತ್ತದೆ. ಹತ್ತುವುದು ಎಡಗಡೆಯಿಂದ, ಎಡಸೊಂಟದಲ್ಲಿ ಕತ್ತಿ ತೂಗುತ್ತಿದ್ದ ಕಾಲದ ಪದ್ಧತಿ ಕತ್ತಿ ಹೋದ ಮೇಲೂ ಉಳಿದಿದೆ. ಹತ್ತುಗಲ್ಲಿನ ಮೇಲೆ ನಿಂತು ಹತ್ತಿ, ಅದರಲ್ಲಿ ಅವಮಾನವೇನಿಲ್ಲ. ನೆಲದಿಂದ ಜೋತುಬಿದ್ದು ಏರಿದರೆ ನೋಯುವುದು ಕುದುರೆಯ ಬೆನ್ನು.

ನಡಿಗೆ ಎಲ್ಲರಿಗೂ ಒಂದು ಗಂಟೆಯಲ್ಲಿ ಒಲಿಯುತ್ತದೆ. ಬಹಳ ಜನ ಬಿಟ್ಟು ಹೋಗುವುದು ಟ್ರಾಟ್‌ನಲ್ಲಿ, ಆದ್ದರಿಂದ ಅದರ ಬಗ್ಗೆ ನಾಲ್ಕು ಮಾತು ಹೆಚ್ಚು ಬರೆಯುತ್ತೇನೆ. ನಡಿಗೆಯಲ್ಲಿ ನಾಲ್ಕು ಗೊರಸು ಒಂದಾದ ಮೇಲೊಂದು ಬೀಳುತ್ತವೆ. ಟ್ರಾಟ್‌ನಲ್ಲಿ ಮುಂದಿನ ಒಂದು ಕಾಲು, ಅದರ ಎದುರು ಮೂಲೆಯ ಹಿಂಗಾಲು ಜೋಡಿಯಾಗಿ ಬೀಳುತ್ತವೆ, ನಡುವೆ ಒಂದು ಗಳಿಗೆ ಕುದುರೆ ಪೂರ್ತಿ ಗಾಳಿಯಲ್ಲಿರುತ್ತದೆ. ಎರಡೇ ತಾಳ, ಪ್ರತಿ ತಾಳಕ್ಕೂ ಒಂದು ಎಸೆತ. ಮೊರದಲ್ಲಿ ಕೇರುವ ಅಕ್ಕಿಯ ಹಾಗೆ ನೀವು ಮೇಲೆ ಹಾರಿ ಕೆಳಗೆ ಬೀಳುತ್ತೀರಿ. ಹೆದರಿ ಮಂಡಿ ಬಿಗಿದರೆ ಇನ್ನೂ ಮೇಲೆ ಹಾರುತ್ತೀರಿ. ಲಗಾಮು ಹಿಡಿದು ಜೋತುಬಿದ್ದರೆ ಕಡಿವಾಣ ಕುದುರೆಯ ಬಾಯಿ ಕೊಯ್ಯುತ್ತದೆ. ಉಪಾಯವೆಂದರೆ ಎಸೆತಕ್ಕೆ ಅಡ್ಡ ನಿಲ್ಲದೆ ಅದನ್ನೇ ಬಳಸಿಕೊಳ್ಳುವುದು. ಒಂದು ತಾಳಕ್ಕೆ ಅದು ಎತ್ತಿದಷ್ಟು ಏಳಿ, ಇನ್ನೊಂದಕ್ಕೆ ಹಗುರಾಗಿ ಕೂತುಕೊಳ್ಳಿ. ವೃತ್ತದಲ್ಲಿ ಹೋಗುವಾಗ ಹೊರಗಡೆಯ ಮುಂಗಾಲು ಮುಂದೆ ಹೋದಾಗ ಏಳಬೇಕು. ಹಿಮ್ಮಡಿ ಕೆಳಗೆ, ಕಣ್ಣು ಮುಂದೆ, ಉಸಿರು ಹೊರಗೆ. ಬಾಯಿಬಿಟ್ಟು ಎಣಿಸಿ, ಇಲ್ಲವೇ ಹಾಡಿಕೊಳ್ಳಿ. ಹಾಡುವವರು ಉಸಿರು ಬಿಗಿಹಿಡಿಯಲಾರರು. ಲಂಜ್ ಹಗ್ಗದ ಬಗ್ಗೆ ಕೇಳಿ ಎಂದದ್ದು ಇದಕ್ಕೆ: ಕುದುರೆಯನ್ನು ಟ್ರೈನರ್ ನಡುವೆ ನಿಂತು ನಡೆಸುತ್ತಿರುವಾಗ ನೀವು ಲಗಾಮನ್ನೇ ಮರೆತು, ಅದರ ಕುತ್ತಿಗೆಗೆ ಕಟ್ಟಿದ ಪಟ್ಟಿ ಹಿಡಿದುಕೊಂಡು ತಾಳ ಹುಡುಕಬಹುದು. ವಾರಕ್ಕೆ ಒಂದು ದಿನ ಹೋದರೆ ಮೈ ಮರೆತುಬಿಡುತ್ತದೆ, ಎರಡು ದಿನವಾದರೂ ಹೋಗಿ. ತಾಳ ಯಾವ ದಿನ ಸಿಗುತ್ತದೋ ಯಾರೂ ಹೇಳಲಾರರು. ಸಿಕ್ಕ ದಿನ ಕುದುರೆಯ ಕಿವಿಯೂ ಸಡಿಲವಾಗುತ್ತದೆ, ನೋಡಿಕೊಳ್ಳಿ.

ಒಳತೊಡೆಯ ನೋವು ಖಂಡಿತ. ಎರಡು ದಿನ ಮೆಟ್ಟಿಲು ಇಳಿಯುವಾಗ ದೇವರ ನಾಮ ಬಾಯಿಗೆ ತಾನಾಗಿ ಬರುತ್ತದೆ. ಟ್ರಾಟ್‌ಗಿಂತ ವೇಗದ ಕ್ಯಾಂಟರ್, ಜಿಗಿತ ಇತ್ಯಾದಿಗಳ ಬಗ್ಗೆ ಈಗ ಕೇಳಬೇಡಿ, ಅವು ಟ್ರಾಟ್ ಬಂದ ಮೇಲಿನ ಮಾತು.

ಬೀಳುತ್ತೇನೆಯೇ ಎಂದು ನೀವು ಕೇಳಿಲ್ಲ, ಆದರೆ ಪತ್ರದ ತುಂಬ ಆ ಪ್ರಶ್ನೆಯೇ ಇದೆ. ಸವಾರಿಯಲ್ಲಿ ಮುಂದುವರಿದವರು ಒಂದಲ್ಲ ಒಂದು ದಿನ ಬೀಳುತ್ತಾರೆ. ಅದಕ್ಕೇ ಎರಡೂ ಪಾದ ರಿಕಾಪಿನಿಂದ ಬಿಡಿಸಿಕೊಂಡು, ಮುಂದೆ ಬಾಗಿ, ಕಾಲು ಬೀಸಿ, ಮಂಡಿ ಮಡಚಿ ನೆಲಕ್ಕಿಳಿಯುವ ತುರ್ತು ಇಳಿತವನ್ನು ಒಳ್ಳೆಯ ಶಾಲೆಗಳು ಮೊದಲ ವಾರಗಳಲ್ಲೇ ಕಲಿಸುತ್ತವೆ. ನಿಂತ ಕುದುರೆಯ ಮೇಲೆ ಮೊದಲು, ನಡೆಯುವುದರ ಮೇಲೆ ಆಮೇಲೆ. ನಿಮ್ಮವರು ಕಲಿಸದಿದ್ದರೆ ಕೇಳಿ ಕಲಿಯಿರಿ. ಲಗಾಮನ್ನಾಗಲಿ ಹಗ್ಗವನ್ನಾಗಲಿ ಎಂದೂ ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ಶಾಲೆಯವರು ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರವನ್ನು ಓದಿಯೇ ಸಹಿ ಮಾಡಿ, ಪೆಟ್ಟಾದರೆ ಯಾವ ಆಸ್ಪತ್ರೆಗೆ, ಯಾರ ಗಾಡಿಯಲ್ಲಿ ಎಂಬುದೂ ಗೊತ್ತಿರಲಿ.

ಮೂರು ತಿಂಗಳ ಶುಲ್ಕ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರೆ ಈಗಲೇ ಒಪ್ಪಬೇಡಿ. ಮೊದಲು ಬಿಡಿ ಪಾಠಗಳನ್ನು ತೆಗೆದುಕೊಳ್ಳಿ. ಬರುವ ಶನಿವಾರ ಬೆಳಿಗ್ಗೆ ಎರಡು ಲಾಯಗಳಿಗೆ ಹೋಗಿ ಸುಮ್ಮನೆ ಒಂದೊಂದು ಗಂಟೆ ನಿಂತು ನೋಡಿ ಬನ್ನಿ, ಕಂಡದ್ದನ್ನು ನನಗೆ ಬರೆಯಿರಿ. ಆಮೇಲೆ ಎಲ್ಲಿ ಸೇರುವುದೆಂದು ನಿರ್ಧರಿಸೋಣ. ಅಷ್ಟರೊಳಗೆ ಡಾಕ್ಟರ ಬಳಿ ಹೋಗಿ ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡಿರಿ. ಆ ರೋಗಾಣು ಕುದುರೆಯ ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲಿ ಇರುತ್ತದೆ.

ನಿಮ್ಮ ಸ್ನೇಹಿತ